ಆಟದ ಕಂಪ್ಯೂಟರ್ ಕಟ್ಟುವವರು ಮೊದಲು ಪವರ್ ಸಪ್ಲೈ ನೋಡಲಿ

 

"ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಹಿರಿಯರು ಹೇಳಿದ್ದಾರೆ. ನಾನು ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಾಲು ಚಾಚುವ ಮೊದಲು ಹಾಸಿಗೆ ಎಲ್ಲಿ ಹರಿದಿದೆ ಅಂತಲೂ ನೋಡಬೇಕು. ನಾವು ನೋಡಲಿಲ್ಲ, ಪೆಟ್ಟು ತಿಂದೆವು. ನಮ್ಮ ತರಗತಿಯಲ್ಲಿ ಈಗ ಮೂರು ನಾಲ್ಕು ಜನ ಆಟ ಆಡುವ ಕಂಪ್ಯೂಟರ್ ಬಿಡಿ ಭಾಗ ತಂದು ಮನೆಯಲ್ಲೇ ಜೋಡಿಸಬೇಕು ಅಂತ ಮಾತಾಡಿಕೊಳ್ಳುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಒಟ್ಟು 38 ಸಾವಿರದ ಗಂಟು. ಅದರಲ್ಲಿ ಅಣ್ಣ ಬೆಂಗಳೂರಲ್ಲಿ ಕಟ್ಟಡದ ಕೆಲಸ ಮಾಡಿ ಉಳಿಸಿದ್ದು ಅರ್ಧ. ಅವ್ವ ಸಸಿ ಹಚ್ಚೋಕೆ ಹೋಗಿ ಕೂಡಿಟ್ಟದ್ದು ಸ್ವಲ್ಪ. ಉಳಿದದ್ದು ಅಪ್ಪ ನೆಲ್ಲು ಮಾರಿದ ದುಡ್ಡಿನಿಂದ ಕೊಟ್ಟದ್ದು. ಅಪ್ಪ ಕೇಳಿದ್ದ, "ಯಾಕ್ ಬೇಕಲೇ ತಮ್ಮಾ ಅದು?" ನಾನು "ಓದಾಕ ಬೇಕಪ್ಪ" ಅಂದೆ. ಅಣ್ಣ ನನ್ನ ಮುಖ ನೋಡಿ ಸುಮ್ಮನಾದ. ಇದು 2025ರ ಜನವರಿ ಮಾತು.

ಅಣ್ಣ ಪಟ್ಟಿ ಹಿಡಿದು ದೊಡ್ಡ ಊರಿನ ಒಂದು ಅಂಗಡಿಗೆ ಹೋದ. ಆ ಪಟ್ಟಿ ಬರೆದವನು ನಾನೇ. ಅಂಗಡಿಯವ ಗಾಜಿನ ಡಬ್ಬಿ ತೋರಿಸಿದ. ಒಳಗೆ ಬಣ್ಣ ಬಣ್ಣದ ದೀಪ, ಜಾತ್ರೆ ತೇರಿನ ಹಾಗೆ. ನಾನು ಫೋನಿನಲ್ಲಿ ನೋಡಿ "ಅದೇ ತಗೋ ಅಣ್ಣಾ" ಅಂದೆ. ದುಡ್ಡು ಮೀರಿತು. ಮೀರಿದ್ದನ್ನು ಸರಿದೂಗಿಸಲು ಪವರ್ ಸಪ್ಲೈಯನ್ನು ಹೆಸರಿಲ್ಲದ್ದು, ಎಲ್ಲಕ್ಕಿಂತ ಅಗ್ಗದ್ದು ತಗೊಂಡೆವು. "ಬಿಲ್ ಬೇಡ ಅಂದ್ರ 18 ಪರ್ಸೆಂಟ್ ಟ್ಯಾಕ್ಸ್ ಉಳಿತದ" ಅಂದ ಅಂಗಡಿಯವ. ಬಿಲ್ಲೂ ಬೇಡ ಅಂದೆವು.

ಮೂರು ತಿಂಗಳು ಚೆನ್ನಾಗಿ ನಡೆಯಿತು. ಏಪ್ರಿಲ್‌ನಲ್ಲಿ ಒಂದು ಸಂಜೆ ಕರೆಂಟ್ ಹೋಗಿ ಬಂತು, ಮತ್ತೆ ಹೋಗಿ ಬಂತು. ಡಬ್ಬಿಯಿಂದ ಟಪ್ ಅಂತ ಸದ್ದು, ಸುಟ್ಟ ವಾಸನೆ. ಪವರ್ ಸಪ್ಲೈ ಹೋಗುವಾಗ ಮದರ್‌ಬೋರ್ಡನ್ನೂ ತನ್ನ ಜೊತೆ ಕರಕೊಂಡು ಹೋಯಿತು. ಬಣ್ಣದ ದೀಪದ ಡಬ್ಬಿಗೆ ಮಾತ್ರ ಏನೂ ಆಗಿರಲಿಲ್ಲ! ಅವ್ವ ಬಯ್ಯಲಿಲ್ಲ. "ಎಷ್ಟ ದಿನದ ಕೂಲಿ ಹೋತು?" ಅಂತ ಮಾತ್ರ ಕೇಳಿದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ನಾನು ಬೇಸಿಗೆ ರಜೆಯಲ್ಲಿ ಕೂಲಿಗೆ ಹೋಗಿ, ಅಣ್ಣನೂ ಸ್ವಲ್ಪ ಹಾಕಿ, ಎರಡೂ ಭಾಗ ಹೊಸದು ತಂದೆವು. ಈ ಸಲ ಪಟ್ಟಿಯನ್ನು ತಿರುವಿ ಬರೆದೆ. ಆ ತಿರುವಿದ ಪಟ್ಟಿಯೇ ನನ್ನ ಅಭಿಪ್ರಾಯ.

ಮೊದಲನೆಯದು, ಯಾವ ಆಟ ಆಡಬೇಕು ಅಂತ ಮನೆಯಲ್ಲೇ ಕೂತು ನಿರ್ಧರಿಸಿ. ಮೈನ್‌ಕ್ರಾಫ್ಟ್, ವ್ಯಾಲರಂಟ್, 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5 ಇಂಥವು ಸಾಕು ಅನ್ನುವವರಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇರುವಂಥವು ಬರುತ್ತವೆ. ಎಎಂಡಿ ಕಂಪನಿಯ ರೈಜನ್ 5 5600ಜಿ ಅಂಥದ್ದು. 2021ರಲ್ಲಿ ಬಂದದ್ದು, 6 ಕೋರ್, 12 ಥ್ರೆಡ್. ಹೆಸರಿನ ಕೊನೆಯ ಅಕ್ಷರ ಓದುವುದನ್ನು ಕಲಿಯಿರಿ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಬರೀ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಸ್ವಲ್ಪ ಅಗ್ಗ ಅಂತ ಅದನ್ನು ತಂದು, ಕಾರ್ಡ್ ತರಲು ದುಡ್ಡಿಲ್ಲದೆ ಕಪ್ಪು ಪರದೆ ನೋಡುತ್ತ ಕೂರಬೇಡಿ.

ಎರಡನೆಯದು, ಭಾಗಗಳು ಒಂದಕ್ಕೊಂದು ಹೊಂದಬೇಕು. ನಮ್ಮ ಕಡೆ ಕಾಲುವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ. ಎಡದಂಡೆ ಕಾಲುವೆ ಎಷ್ಟೇ ತುಂಬಿ ಹರಿದರೂ ನಿಮ್ಮ ಹೊಲಕ್ಕೆ ಬರುವ ನೀರು ತೂಬು ಬಿಟ್ಟಷ್ಟೇ. ಹಾಗೇ ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಸಣ್ಣ ಪ್ರೊಸೆಸರ್ ಕಟ್ಟಿದರೆ ಕಾರ್ಡಿನ ಶಕ್ತಿ ಸುಮ್ಮನೆ ಕೂತಿರುತ್ತದೆ. ಮದರ್‌ಬೋರ್ಡಿನ ಸಾಕೆಟ್ಟೂ ನೋಡಬೇಕು. 5600ಜಿ ಗೆ ಎಎಂ4 ಸಾಕೆಟ್ ಮತ್ತು ಡಿಡಿಆರ್4 ರ‍್ಯಾಮ್ ಬೇಕು. ಡಿಡಿಆರ್5 ರ‍್ಯಾಮ್ ತಂದರೆ ಅದು ಕೂರುವುದೇ ಇಲ್ಲ, ಗಾಳಿಯ ಜಾಗವೇ ಬೇರೆ ಕಡೆ ಇರುತ್ತದೆ. ಹಳೇ ಮದರ್‌ಬೋರ್ಡ್ ಆದರೆ "ಬಯೋಸ್ ಅಪ್‌ಡೇಟ್ ಆಗೇದೇನ್ರಿ?" ಅಂತ ಅಂಗಡಿಯಲ್ಲೇ ಕೇಳಿ.

ಮೂರನೆಯದು, ರ‍್ಯಾಮ್. 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಒಳ್ಳೆಯದು. ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮರಿ ಇಲ್ಲ. ಅದು ರ‍್ಯಾಮನ್ನೇ ಹಂಚಿಕೊಂಡು ಬಳಸುತ್ತದೆ. ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ, ಆಟ ಎದ್ದು ಕಾಣುವಷ್ಟು ಸರಾಗ ಆಗುತ್ತದೆ. ಇನ್ನೊಂದು ಮಾತು. ನಾವು ಕೊಟ್ಟ ದರ ಈಗ ನಡೆಯುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮೆಮರಿಯನ್ನೆಲ್ಲ ಎಳೆದುಕೊಳ್ಳುತ್ತಿವೆ. ಕ್ರೂಶಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇಲ್ಲೂ ಕಾಲುವೆಯ ಕಥೆಯೇ ನೋಡಿ. ಮೇಲ್ಭಾಗದವರು ಎತ್ತಿಕೊಂಡರೆ ಕೊನೆ ಭಾಗದ ನಮಗೆ ಉಳಿಯುವುದು ಕಡಿಮೆ. ಆದ್ದರಿಂದ ಹಳೇ ಪಟ್ಟಿ ನಂಬಬೇಡಿ. ಹೊರಡುವ ವಾರವೇ ಎರಡು ಮೂರು ಕಡೆ ದರ ಕೇಳಿ.

ನಾಲ್ಕನೆಯದು, ಪವರ್ ಸಪ್ಲೈ. ನನ್ನ ಪಟ್ಟಿಯಲ್ಲಿ ಈಗ ಇದು ಮೊದಲ ಸಾಲಿನಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ನೆನಪು ಮಾಡಿಕೊಳ್ಳಿ. ತುಂಗಭದ್ರಾ ಜಲಾಶಯಕ್ಕೆ 33 ಗೇಟು. ಒಂದೇ ಗೇಟಿನ, 19ನೇದರ, ಸರಪಳಿ ತುಂಡಾಯಿತು. ಗೇಟು ಕೊಚ್ಚಿ ಹೋಯಿತು. ಉಳಿದ 32 ಗೇಟು ನೆಟ್ಟಗೆ ನಿಂತಿದ್ದವು, ಆದರೂ ನೀರು ಹೋಗುವುದು ತಪ್ಪಲಿಲ್ಲ. ನಮ್ಮೂರಿನ ಯಾರ ಮನೆಯಲ್ಲೂ ಅವತ್ತು ನಿದ್ದೆ ಇರಲಿಲ್ಲ. ಕಂಪ್ಯೂಟರಿನಲ್ಲೂ ಹಾಗೇ. ಯಾವ ಭಾಗ ಮುರಿದರೆ ಉಳಿದದ್ದೂ ಹಾಳಾಗುತ್ತದೋ ಆ ಭಾಗದಲ್ಲಿ ಜುಗ್ಗತನ ಮಾಡಬಾರದು. ಡಬ್ಬಿ ಕೆಟ್ಟರೆ ಡಬ್ಬಿ ಮಾತ್ರ ಕೆಡುತ್ತದೆ. ಕೀಬೋರ್ಡ್ ಕೆಟ್ಟರೆ ಕೀಬೋರ್ಡ್ ಮಾತ್ರ. ಪವರ್ ಸಪ್ಲೈ ಕೆಟ್ಟರೆ ಯಾವುದೂ ಉಳಿಯುವ ಖಾತ್ರಿ ಇಲ್ಲ.

ಪವರ್ ಸಪ್ಲೈ ಮೇಲೆ '80 ಪ್ಲಸ್' ಅಂತ ಗುರುತು ಇರುತ್ತದೆ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ನೂರಕ್ಕೆ 80 ಪಾಲಾದರೂ ಒಳಗಿನ ಭಾಗಗಳಿಗೆ ತಲುಪುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ ಅಂತ ಅದರ ಅರ್ಥ. ಆ ಗುರುತು ಉಳಿತಾಯದ್ದು, ಸುರಕ್ಷತೆಯದ್ದಲ್ಲ. ಆದ್ದರಿಂದ ಗುರುತಿನ ಜೊತೆ ಹೆಸರಾದ ಕಂಪನಿ, ಕನಿಷ್ಠ ಮೂರು ವರ್ಷದ ಗ್ಯಾರಂಟಿ, ಎರಡನ್ನೂ ನೋಡಿ. ನಮ್ಮಂಥ ಸಣ್ಣ ಕಂಪ್ಯೂಟರಿಗೆ 450 ವ್ಯಾಟಿನದು ಸಾಕು.

ಐದನೆಯದು, ಮನೆಯ ಕರೆಂಟು. ಮೂರು ಪಿನ್ನಿನ ಸಾಕೆಟ್ ಇದ್ದರೆ ಆಗಲಿಲ್ಲ, ಅದಕ್ಕೆ ಅರ್ಥಿಂಗ್ ತಂತಿ ನಿಜವಾಗಿ ಎಳೆದಿದ್ದಾರಾ ಅಂತ ನೋಡಿಸಿ. ನಮ್ಮ ಮನೆಯಲ್ಲಿ ಎಳೆದಿರಲಿಲ್ಲ. ಮೂರನೇ ತೂತು ಬರೀ ತೋರಿಕೆಗೆ ಇತ್ತು. 600 ವಿಎ ಯುಪಿಎಸ್ ಒಂದು ಇದ್ದರೆ ಕರೆಂಟ್ ಹೋದಾಗ ಕೆಲವು ನಿಮಿಷ ಸಿಗುತ್ತದೆ. ಅದು ಆಟ ಮುಂದುವರಿಸಲಿಕ್ಕೆ ಅಲ್ಲ, ಮರ್ಯಾದೆಯಿಂದ ಬಂದ್ ಮಾಡಲಿಕ್ಕೆ. ಲೆಕ್ಕವೂ ತಿಳಿದಿರಲಿ. ಕಾರ್ಡ್ ಹಾಕಿದ ಕಂಪ್ಯೂಟರ್ ಮಾನಿಟರ್ ಸೇರಿ 250 ವ್ಯಾಟ್ ಎಳೆದರೆ ನಾಲ್ಕು ತಾಸಿಗೆ ಒಂದು ಯೂನಿಟ್. ದಿನಾ ನಾಲ್ಕು ತಾಸು ಆಡಿದರೆ ತಿಂಗಳಿಗೆ 30 ಯೂನಿಟ್. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಮನೆಯ ಸರಾಸರಿ 60 ಯೂನಿಟ್ ಇದ್ದರೆ ಅದರ ಮೇಲೆ ಶೇಕಡಾ 10 ಸೇರಿ 66ರ ತನಕ ಮಾತ್ರ ಪುಕ್ಕಟೆ. ನಿಮ್ಮ 30 ಯೂನಿಟ್‌ನಿಂದ ಬರುವ ಬಿಲ್ಲನ್ನು ಅಪ್ಪ ಕಟ್ಟಬೇಕು. ಅದನ್ನು ಮೊದಲೇ ಹೇಳಿರಿ.

ಆರನೆಯದು, ಬಿಸಿಲು ಮತ್ತು ಧೂಳು. ನಮ್ಮ ಜಿಲ್ಲೆಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಮನೆಯೊಳಗೆ ಇನ್ನೂ ಹೆಚ್ಚು. ಪ್ರೊಸೆಸರ್ ಅತಿ ಬಿಸಿಯಾದರೆ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಗಾಜು ಮುಚ್ಚಿದ ಡಬ್ಬಿಗಿಂತ ಮುಂದೆ ಜಾಲರಿ ಇರುವ ಸಾದಾ ಡಬ್ಬಿ ನಮ್ಮ ಊರಿಗೆ ಸರಿ. ನೆಲ್ಲಿನ ರಾಶಿ ಆಗುವಾಗ ಹೊಟ್ಟಿನ ಧೂಳು ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಪಿನ್ ಕಿತ್ತು, ಬಣ್ಣದ ಒಣ ಬ್ರಷ್ಷಿನಿಂದ ಒರೆಸಿ.

ಏಳನೆಯದು, ಹಳೇ ಸಾಮಾನು. ಆಫೀಸಿನ ಹಳೇ ಕಂಪ್ಯೂಟರ್ ತಂದು ಸಣ್ಣ ಕಾರ್ಡ್ ಹಾಕುವುದು ತಪ್ಪೇನಲ್ಲ. ಆದರೆ ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಪೀಳಿಗೆಯದ್ದಾದರೂ ಆಗಿರಬೇಕು. ಆರನೇದು, ಏಳನೇದು ಅಗ್ಗ ಸಿಗುವುದು ಅದಕ್ಕೇ. ಲಿನಕ್ಸ್ ಹಾಕಿಕೊಂಡರೆ ದುಡ್ಡಿಲ್ಲದೆ ನಡೆಯುತ್ತದೆ, ಬಹಳ ಆಟಗಳೂ ಓಡುತ್ತವೆ. ಆದರೆ ವ್ಯಾಲರಂಟ್ ಓಡುವುದಿಲ್ಲ. ಹೊಸದಾಗಲಿ ಹಳೇದಾಗಲಿ, ಬೆಂಗಳೂರಿನ ಎಸ್.ಪಿ. ರೋಡಾಗಲಿ ಸಿಂಧನೂರಾಗಲಿ, ಬಿಲ್ ಇಲ್ಲದೆ ಅಂಗಡಿ ಮೆಟ್ಟಿಲು ಇಳಿಯಬೇಡಿ. ನಾವು ಉಳಿಸಿದ ಟ್ಯಾಕ್ಸಿಗಿಂತ ಕಳಕೊಂಡದ್ದು ಎಷ್ಟೋ ಪಾಲು ಹೆಚ್ಚು.

ಇನ್ನು ಗುರುಗಳ ಮಾತಿಗೆ ಬರುತ್ತೇನೆ. "ಆಟದ ಕಂಪ್ಯೂಟರ್ ಬಂದರೆ ಹುಡುಗರು ಕೆಡುತ್ತಾರೆ" ಅಂತಾರೆ. ಪೂರ್ತಿ ಸುಳ್ಳು ಅಂತ ನಾನು ಹೇಳಲಾರೆ. ಮೊದಲ ಮೂರು ತಿಂಗಳು ನನ್ನ ಗಣಿತದ ಅಂಕ ಇಳಿದದ್ದು ಎಲ್ಲರಿಗೂ ಗೊತ್ತು. ಆದರೆ ಅದು ಸುಟ್ಟ ಮೇಲೆ ಬಿಚ್ಚಿ ಜೋಡಿಸುವಾಗ ವೋಲ್ಟು, ವ್ಯಾಟು, ಅರ್ಥಿಂಗು ಅಂದರೆ ಏನು ಅಂತ ನನಗೆ ತಿಳಿಯಿತು. ಪುಸ್ತಕದಲ್ಲಿ ಓದಿದ್ದೆ, ತಿಳಿದಿರಲಿಲ್ಲ. ಅದೇ ಕಂಪ್ಯೂಟರಿನಲ್ಲಿ ಈಗ ನುಡಿ ಹಾಕಿ ಕನ್ನಡ ಬೆರಳಚ್ಚು ಕಲಿಯುತ್ತಿದ್ದೇನೆ. ಆಟವನ್ನೂ ಆಡುತ್ತೇನೆ, ಮುಚ್ಚಿಡುವುದಿಲ್ಲ.

ಮುಚ್ಚಿಡುವುದೇ ನನ್ನ ಪ್ರಕಾರ ದೊಡ್ಡ ತಪ್ಪು. ಎರಡನೇ ಸಲ ಭಾಗ ತರುವ ಮೊದಲು ಅಪ್ಪನಿಗೆ ನಿಜ ಹೇಳಿದೆ. "ಅಪ್ಪಾ, ಓದಾಕ ಅಂತ ಸುಳ್ಳು ಹೇಳಿದ್ದೆ. ಆಟಕ್ಕ ತರಿಸಿದ್ದೆ." ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಟಕ್ಕಂದ್ರ ಆಟಕ್ಕ ಅನ್ನಬೇಕಿತ್ತಲ್ಲಪ್ಪಾ. ಕೊಡಂಗಿದ್ರ ಕೊಡ್ತಿದ್ದೆ, ಇಲ್ಲಂದ್ರ ಇಲ್ಲ ಅಂತಿದ್ದೆ" ಅಂದ. ಗೆಳೆಯರೇ, ದುಡ್ಡು ಮನೆಯವರದ್ದಾದರೆ "ಇಲ್ಲ" ಅನ್ನುವ ಹಕ್ಕೂ ಅವರದ್ದೇ. ಸುಳ್ಳು ಹೇಳಿದಾಗ ನಾವು ಆ ಹಕ್ಕನ್ನು ಕಸಿಯುತ್ತೇವೆ. ಬೇಕಾದ್ದನ್ನು ಬೇಕು ಅಂತಲೇ ಕೇಳೋಣ. ಈ ವರ್ಷ ಇಲ್ಲ ಅಂದರೆ ಮುಂದಿನ ಸುಗ್ಗಿಯ ತನಕ ಕಾಯೋಣ.

ಕೊನೆಗೆ ಗುರುಗಳಲ್ಲಿ ಒಂದು ವಿನಂತಿ. ಕೆಟ್ಟು ಮೂಲೆಗೆ ಬಿದ್ದ ಹಳೇ ಕಂಪ್ಯೂಟರ್ ಎಲ್ಲಾದರೂ ಸಿಕ್ಕರೆ ಒಂದು ಶನಿವಾರ ನಮ್ಮ ಮುಂದೆ ಬಿಚ್ಚಿಸಿ ತೋರಿಸಿರಿ. ಯಾವುದು ಪ್ರೊಸೆಸರ್, ಯಾವುದು ರ‍್ಯಾಮ್ ಅಂತ ಕೈಯಲ್ಲಿ ಮುಟ್ಟಿ ನೋಡಿದ ಹುಡುಗರನ್ನು ಯಾವ ಅಂಗಡಿಯವನೂ ಬಣ್ಣದ ದೀಪ ತೋರಿಸಿ ಮೋಸ ಮಾಡಲಾರ.

ಇದು ನನ್ನ ಅನಿಸಿಕೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ, ಓದಿ ತಿದ್ದಿಕೊಳ್ಳುತ್ತೇನೆ. ಮನೆಗೆ ಬಂದು ನೋಡಬೇಕು ಅನ್ನುವವರು ಭಾನುವಾರ ಬರಲಿ. ಬಂದಾಗ ಚಪ್ಪಲಿ ಹೊರಗೆ ಬಿಡಿರಿ, ಧೂಳು ಆಗ್ತದ.

— ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿ, ಸಾಲಗುಂದ