ಕಳೆದ ಗೌರವ ಮರಳುವುದೆಂತು?

ಕೈಕೆಳಗಿನವರು ಎದ್ದುನಿಂತು ನಮಸ್ಕರಿಸಿದ ಮಾತ್ರಕ್ಕೆ ತಮ್ಮ ಮೇಲೆ ಅವರಿಗೆ ಗೌರವವಿದೆಯೆಂದು ತಿಳಿಯುವ ಮೇಲಧಿಕಾರಿಗಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ನಮಸ್ಕಾರ ಸಲ್ಲುವುದು ಕುರ್ಚಿಗೆ. ಇದು ತಿಳಿಯದವರು, ಒಂದು ದಿನ ಬಾಗಿಲ ಹೊರಗೆ ಗದ್ದಲವೆದ್ದಾಗ ಬೆಚ್ಚಿಬೀಳುತ್ತಾರೆ. ಪದವಿ ಪಡೆದು ಹೊರಬೀಳಲಿರುವ ನಮ್ಮಲ್ಲಿ ಕೆಲವರು ನಾಳೆ ಮ್ಯಾನೇಜರುಗಳಾಗಬಹುದು; ಬಹುಮಂದಿ ಅವರ ಕೈಕೆಳಗೆ ದುಡಿಯುವವರು. ಆದುದರಿಂದ ವಿಷಯ ನಮಗೆ ಸಂಬಂಧಿಸಿದ್ದೇ.

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ನಡೆದುದನ್ನು ನೋಡೋಣ. ಅಲ್ಲಿ ತೈವಾನಿನ ವಿಸ್ಟ್ರಾನ್ ಕಂಪೆನಿ ಆಪಲ್ ಸಂಸ್ಥೆಗಾಗಿ ಐಫೋನುಗಳನ್ನು ಜೋಡಿಸುತ್ತಿದ್ದಿತು. 2020ರ ಡಿಸೆಂಬರ್ 12ರ ಬೆಳಿಗ್ಗೆ ಕಾರ್ಮಿಕರು ಗಾಜುಗಳನ್ನು ಒಡೆದರು, ವಾಹನಗಳನ್ನು ಮಗುಚಿದರು. ಅದು ಸರಿಯೆಂದು ನಾನು ವಾದಿಸುವುದಿಲ್ಲ. ಆದರೆ ಅದಕ್ಕೆ ಹಿಂದಿನ ತಿಂಗಳುಗಳ ಲೆಕ್ಕವನ್ನೂ ನೋಡಬೇಕಷ್ಟೆ. ಸ್ವಲ್ಪ ಕಾಲದಲ್ಲೇ ಕಾರ್ಖಾನೆ ಹತ್ತು ಸಾವಿರಕ್ಕೂ ಮಿಕ್ಕ ಜನರನ್ನು ತುಂಬಿಕೊಂಡಿತ್ತು, ಬಹುಪಾಲು ಗುತ್ತಿಗೆದಾರರ ಮೂಲಕ. 8 ಗಂಟೆಯ ಪಾಳಿ 12 ಗಂಟೆಯದಾಯಿತು. ಹಾಜರಿ ದಾಖಲಿಸುವ ಯಂತ್ರದ ದೋಷವನ್ನು ಬೇಗ ಸರಿಪಡಿಸಲಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಹಲವರಿಗೆ ಸರಿಯಾಗಿ ಕೈಸೇರಲಿಲ್ಲ. ಯಾರನ್ನು ಕೇಳುವುದು? ಅಷ್ಟು ಜನರಿಗೆ ತಕ್ಕಂತೆ ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿಯೇ ಇರಲಿಲ್ಲವೆಂದು ರಾಜ್ಯದ ಕಾರ್ಖಾನೆಗಳ ಇಲಾಖೆ ವರದಿ ಮಾಡಿತು.

ಡಿಸೆಂಬರ್ 19ರಂದು, ತಪ್ಪುಗಳನ್ನು ತಿದ್ದಿಕೊಳ್ಳುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಆಪಲ್ ಸಾರಿತು. ಅದೇ ದಿನ ವಿಸ್ಟ್ರಾನ್ ತನ್ನ ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದು, ಕಾರ್ಮಿಕರ ಕ್ಷಮೆ ಕೋರಿತು. ಕೋರಿದ್ದು ಒಳ್ಳೆಯದೇ. ಆದರೆ ದಿನಾಂಕವನ್ನು ಕಾರ್ಮಿಕನೂ ಓದಬಲ್ಲ. ಗಿರಾಕಿ ಕಣ್ಣು ಕೆಂಪು ಮಾಡಿದ ಮೇಲೆ ಬಂದ ಕ್ಷಮೆಗೂ, ಮೊದಲ ತಿಂಗಳ ಚೀಟಿಯಲ್ಲಿ ತಪ್ಪು ಕಂಡೊಡನೆ ಬರಬಹುದಾಗಿದ್ದ ಕ್ಷಮೆಗೂ ಅಜಗಜಾಂತರ. ಒಂದು ಮಾತನ್ನು ಮಾತ್ರ ಮೆಚ್ಚಬೇಕು: ದೂರು ಹೇಳಿಕೊಳ್ಳಲು ದಿನದ 24 ಗಂಟೆಯೂ ತೆರೆದಿರುವ ದೂರವಾಣಿಯನ್ನು ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷುಗಳಲ್ಲಿ ಏರ್ಪಡಿಸಿದರು. ಇಂಗ್ಲಿಷಿನಲ್ಲಿ ಅರ್ಜಿ ಬರೆಯಲಾರದೆ ಅನ್ಯಾಯ ನುಂಗಿದವರು ಎಷ್ಟು ಮಂದಿಯೋ! ಹಳ್ಳಿಯ ಕನ್ನಡ ಶಾಲೆಗಳಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಮಾನತೆಯ ಹೊರ ಚಿಹ್ನೆಗಳಿಂದ ಗೌರವ ಬರುವುದೆಂದು ಕೆಲವರ ಎಣಿಕೆ. 1983ರಲ್ಲಿ ಮಾರುತಿ ಕಾರಿನ ತಯಾರಿಕೆ ಆರಂಭವಾದಾಗ, ಜಪಾನೀ ಪದ್ಧತಿಯಂತೆ ಅಧಿಕಾರಿಗೂ ಕಾರ್ಮಿಕನಿಗೂ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು ಎಂದರು. ನಮ್ಮ ದೇಶಕ್ಕೆ ಅದು ಸಣ್ಣ ಸಂಗತಿಯಲ್ಲ. ಆದರೂ ಅದೇ ಕಂಪೆನಿಯ ಮಾನೇಸರ್ ಕಾರ್ಖಾನೆಯಲ್ಲಿ 2011ರಲ್ಲಿ ಮುಷ್ಕರಗಳಾದುವು. 2012ರ ಜುಲೈ 18ರ ಗಲಭೆಯಲ್ಲಿ ಸಿಬ್ಬಂದಿ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. ಒಂದೇ ಬಗೆಯ ಅಂಗಿ ತೊಟ್ಟು, ಒಂದೇ ಕೆಲಸ ಮಾಡಿ, ಕಾಯಂ ನೌಕರನಿಗಿಂತ ಬಹಳ ಕಡಿಮೆ ಕೂಲಿ ಪಡೆಯುವ ಗುತ್ತಿಗೆಯ ಹುಡುಗನಿಗೆ ಆ ಅಂಗಿ ಏನು ಸಮಾಧಾನ ಕೊಟ್ಟೀತು?

ನನ್ನ ಅಕ್ಕ ಗಾರ್ಮೆಂಟ್ಸಿನಲ್ಲಿ ದುಡಿದು ನನ್ನ ಫೀಜು ಕಟ್ಟಿದವಳು. ಅಲ್ಲಿ ಗಂಟೆಗಿಷ್ಟು ಪೀಸು ಎಂಬ ಲೆಕ್ಕ. ಕಡಿಮೆಯಾದರೆ ಸೂಪರ್‌ವೈಸರು ಕೂಗಾಡುತ್ತಾನೆ. "ಬೈಯೋದು ಇಡೀ ಲೈನಿಗೇ ಕೇಳತ್ತೆ ಕಣೋ, ತಪ್ಪು ಅವನದೇ ಅಂತ ಗೊತ್ತಾದ್ರೆ ಮಾತ್ರ ಮೂಲೇಲಿ ಪಿಸುಗುಡ್ತಾನೆ" ಎಂದು ಅವಳು ಹೇಳುವುದುಂಟು. ಮ್ಯಾನೇಜರಿಕೆಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದರಷ್ಟು ನೇರವಾದುದು ಇನ್ನೊಂದಿಲ್ಲ. ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಆ ಸೂಪರ್‌ವೈಸರನ ಬೆನ್ನ ಮೇಲೂ ಮೇಲಿನವರ ಚಾಟಿ ಇದೆ, ನಿಜ. ಆದುದರಿಂದ ತಿದ್ದುವ ಕೆಲಸ ಮೇಲಿನಿಂದ ಆರಂಭವಾಗಬೇಕೇ ಹೊರತು ಅವನೊಬ್ಬನನ್ನು ಮನೆಗೆ ಕಳಿಸುವುದರಿಂದ ಮುಗಿಯದು.

ಗೌರವ ಕಳೆದುಕೊಂಡ ಮ್ಯಾನೇಜರು ಮೊದಲು ಬಾಕಿ ಹಣ ಕೊಡಲಿ, ಆಮೇಲೆ ಭಾಷಣ ಮಾಡಲಿ. ವಾರ್ಷಿಕೋತ್ಸವದ ಊಟ, "ಉತ್ತಮ ನೌಕರ" ಫಲಕ, ಇವೆಲ್ಲ ಬಾಕಿ ತೀರಿದ ಮೇಲೆ ಚೆನ್ನ. ಸಂಬಳದ ಮರುದಿನ ಹಾಜರಿ ಪುಸ್ತಕವನ್ನು ಕೈಯಲ್ಲಿ ಹಿಡಿದು, ಗುತ್ತಿಗೆದಾರನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಪಾಳಿ ಬಿಡುವ ಹೊತ್ತಿಗೆ ಗೇಟಿನ ಬಳಿ ಒಂದು ಮೇಜು ಹಾಕಿ ಕುಳಿತುಕೊಳ್ಳಲಿ. ಮೊದಲ ತಿಂಗಳು ಯಾರೂ ಹತ್ತಿರ ಬರಲಿಕ್ಕಿಲ್ಲ. ಎರಡನೆಯ ತಿಂಗಳೂ ಕುಳಿತುಕೊಳ್ಳಲಿ.