ಕೋವಿ ಕಾನೂನು: ಅರ್ಜಿ ಯಾರ ಕೈಗೆ?

ಚುನಾವಣೆ ಘೋಷಣೆಯಾದರೆ ಸಾಕು, ಮಲೆನಾಡಿನ ಠಾಣೆಗಳಿಂದ ಫೋನು ಬರಲು ಶುರು: ‘ಕೋವಿ ತಂದು ಠೇವಣಿ ಇಡಿ.’ ತೀರ್ಥಹಳ್ಳಿಯಲ್ಲೋ ಸುಳ್ಯದಲ್ಲೋ ಅಡಿಕೆ ಬೆಳೆಗಾರ ತನ್ನ ಕೇಪಿನ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗುತ್ತಾನೆ, ರಸೀದಿ ಪಡೆದು ಬರಿಗೈಯಲ್ಲಿ ಮರಳುತ್ತಾನೆ. ಮತದಾನ ಮುಗಿದು, ಎಣಿಕೆ ಮುಗಿದು, ಮೇಲೊಂದು ವಾರ ಕಳೆಯುವ ತನಕ ಮಂಗಗಳಿಗೂ ಹಂದಿಗಳಿಗೂ ತೋಟದಲ್ಲಿ ಸುಗ್ಗಿ. ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಹತ್ತಾರು ಸಹಿ ಬಿದ್ದ ಮನವಿಯೊಂದು ತಯಾರಾಗಿ ಶಾಸಕರ ಕೈ ಸೇರುತ್ತದೆ. ‘ಮೇಲಿನವರ ಗಮನಕ್ಕೆ ತರುತ್ತೇನೆ’ ಎನ್ನುತ್ತಾರೆ ಅವರು. ಮನವಿ ಕೊಡುವ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಮುಂದಿನ ಚುನಾವಣೆಗೆ ಮತ್ತೆ ಅದೇ ಫೋನು.

ಶಾಸಕರು ಸುಳ್ಳು ಹೇಳಿದರೆಂದಲ್ಲ. ಅವರ ಕೈಯಲ್ಲಿ ಇಲ್ಲದ್ದನ್ನು ನಾವು ಕೇಳಿದ್ದೇವೆ. ಶಸ್ತ್ರಾಸ್ತ್ರ, ಬಂದೂಕು, ಮದ್ದುಗುಂಡು ಇವೆಲ್ಲ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರಪಟ್ಟಿಯಲ್ಲಿವೆ. ವಿಧಾನಸಭೆಯ 224 ಸದಸ್ಯರೂ ಒಮ್ಮತದಿಂದ ಕೈ ಎತ್ತಿದರೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಒಂದಕ್ಷರ ತಿದ್ದಲಾಗದು. ಹೆಚ್ಚೆಂದರೆ ನಿರ್ಣಯ ಮಾಡಿ ದೆಹಲಿಗೆ ಕಳಿಸಬಹುದು. ಕಾಯ್ದೆ ಬದಲಾಗಬೇಕಿದ್ದರೆ ಹಿಡಿಯಬೇಕಾದದ್ದು ಸಂಸದರನ್ನು: ನಿಮ್ಮ ಕ್ಷೇತ್ರದ ಲೋಕಸಭಾ ಸದಸ್ಯರು, ಜೊತೆಗೆ ರಾಜ್ಯವನ್ನು ಪ್ರತಿನಿಧಿಸುವ 12 ಮಂದಿ ರಾಜ್ಯಸಭಾ ಸದಸ್ಯರು. ಈ ಎರಡನೆಯವರ ನೆನಪೇ ನಮಗೆ ಆಗುವುದಿಲ್ಲ.

ಸಂಸದರಿಗೆ ಹೇಳಿದರೆ ಏನಾದರೂ ಆದೀತೇ ಎನ್ನುವವರಿಗೆ 2019ರ ಪ್ರಸಂಗ ಹೇಳಬೇಕು. ಅಲ್ಲಿಯವರೆಗೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಆ ವರ್ಷ ನವೆಂಬರ್ 29ರಂದು ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ ಅದನ್ನು ಒಂದಕ್ಕೆ ಇಳಿಸಿತ್ತು. ತಲೆಮಾರುಗಳಿಂದ ಬಂದ ಕೋವಿಗಳಿರುವ ಮನೆತನಗಳು, ಗುರಿಕಾರ ಕ್ರೀಡಾಪಟುಗಳು, ಗಡಿ ರಾಜ್ಯದವರು ತಕರಾರು ಎತ್ತಿದರು. ಡಿಸೆಂಬರ್ 9ರಂದು ಲೋಕಸಭೆಯೂ ಮರುದಿನ ರಾಜ್ಯಸಭೆಯೂ ಒಪ್ಪುವಾಗ ಮಸೂದೆಯಲ್ಲಿದ್ದ ಸಂಖ್ಯೆ ಎರಡು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಕುತ್ತು ತರುವವರಿಗೆ ಎರಡು ವರ್ಷದ ತನಕ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂಬ ಹೊಸ ಕಲಮು ಸೇರಿತು. ಮಂಡನೆಯಿಂದ ಅಂಗೀಕಾರಕ್ಕೆ ಎರಡು ವಾರವೂ ಹಿಡಿಯಲಿಲ್ಲ. ಅಷ್ಟರೊಳಗೆ ಬಾಯಿಬಿಟ್ಟವರ ಮಾತು ನಡೆಯಿತು. ಮೂರನ್ನು ಒಂದಕ್ಕೆ ಇಳಿಸುವುದೇ ಸರಿ ಎಂದುಕೊಂಡವರೂ ದೇಶದಲ್ಲಿ ಇದ್ದಿರಲೇಬೇಕು. ನನ್ನ ಒಲವೂ ಆ ಕಡೆಗೇ. ಆದರೆ ಕೋವಿ ಇಲ್ಲದವರಿಗೆ ಕೋವಿಯ ಕಾನೂನು ತಮ್ಮದೆಂದು ಅನಿಸುವುದಿಲ್ಲ, ಹಾಗಾಗಿ ಅವರ ಪತ್ರ ಯಾರ ಮೇಜಿಗೂ ಬರುವುದಿಲ್ಲ.

ಇನ್ನು ಠೇವಣಿಯ ವಿಚಾರ. ಇದು ಶಾಸಕರದ್ದೂ ಅಲ್ಲ, ಸಂಸದರದ್ದೂ ಅಲ್ಲ. ಚುನಾವಣಾ ಆಯೋಗದ ಸೂಚನೆಯಂತೆ ಜಿಲ್ಲಾಧಿಕಾರಿ ನಡೆಸುವ ಕೆಲಸ. ನೀತಿಸಂಹಿತೆ ಜಾರಿಯಲ್ಲಿರುವಾಗ ಜನಪ್ರತಿನಿಧಿ ಅಧಿಕಾರಿಗಳ ಮೇಲೆ ಒತ್ತಡ ಹಾಕುವಂತೆಯೂ ಇಲ್ಲ. ಆದರೆ ಆ ಸೂಚನೆಯನ್ನು ಓದಿ ನೋಡಿದರೆ ಊರಿನ ಕೋವಿಗಳನ್ನೆಲ್ಲ ಗುಡಿಸಿ ತನ್ನಿ ಎಂದು ಅದರಲ್ಲಿಲ್ಲ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬರ ಪರವಾನಗಿಯನ್ನೂ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರ ಮೇಲೆ ವಿಶೇಷ ಗಮನ ಇಡಬೇಕು. ಎಲ್ಲರಿಂದಲೂ ತರಿಸಿಬಿಡುವುದು ಠಾಣೆಗೆ ಸುಲಭ, ಅಷ್ಟೇ. ಬೆಳೆ ಕಾಯುವವರು ವಿನಾಯಿತಿ ಕೇಳುವ ಅರ್ಜಿಯನ್ನು ಜಿಲ್ಲಾಧಿಕಾರಿಗೆ ಕೊಟ್ಟು ಹಿಂಬರಹ ಪಡೆಯಬೇಕು. ಆ ಅರ್ಜಿ ಸಮಿತಿ ಕೂರುವ ಮೊದಲೇ ಅಲ್ಲಿರಬೇಕು. ಕೋವಿ ಠಾಣೆ ಸೇರಿದ ಮೇಲೆ ಕೂಗಾಡಿ ಫಲವಿಲ್ಲ.

ಕಾಯ್ದೆ ಸ್ವತಃ ಈ ವ್ಯತ್ಯಾಸವನ್ನು ಬಲ್ಲದು. ಅದರ 13ನೇ ಕಲಮಿನ ಪ್ರಕಾರ, ನಿಜವಾಗಿಯೂ ಬೆಳೆ ಕಾಯಲು ಕೇಪಿನ ಕೋವಿ ಕೇಳಿದ ಭಾರತೀಯ ಪ್ರಜೆಗೆ, ನಿರಾಕರಿಸಲು ನಿರ್ದಿಷ್ಟ ಕಾರಣ ಇಲ್ಲದಿದ್ದರೆ, ಪರವಾನಗಿ ಕೊಡಬೇಕು. ಪಿಸ್ತೂಲು ಕೇಳುವವರು ಹಾಗಲ್ಲ, ತಮಗೆ ಅದು ಬೇಕೇ ಬೇಕು ಎನ್ನಲು ತಕ್ಕ ಕಾರಣ ತೋರಿಸಬೇಕು. ಅರ್ಜಿ ತಿರಸ್ಕರಿಸಿದರೆ ಅಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಕೇಳಿದರೆ, ಸಾರ್ವಜನಿಕ ಹಿತಕ್ಕೆ ಅಡ್ಡಿ ಇಲ್ಲದಿದ್ದರೆ, ಅದನ್ನು ಅರ್ಜಿದಾರನಿಗೆ ಕೊಡಬೇಕು. ಮೇಲ್ಮನವಿಗೂ ದಾರಿಯಿದೆ. ಆದ್ದರಿಂದ ಲೈಸೆನ್ಸು ಸಿಗಲಿಲ್ಲ ಎಂಬ ದೂರು ಕಾನೂನಿನ ಮೇಲಿನ ದೂರಲ್ಲ, ಕಚೇರಿಯ ಮೇಲಿನ ದೂರು.

ಲೈಸೆನ್ಸು ಇದ್ದ ಮಾತ್ರಕ್ಕೆ ಹಂದಿಗೆ ಈಡು ಹೊಡೆಯಬಹುದೇ? ಇಲ್ಲ. ಅಲ್ಲಿ ನಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಅನುಮತಿ ಬೇಕು. ಕೇರಳ ಸರ್ಕಾರ 2022ರಲ್ಲಿ ಕಾಡುಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ಹಾಗೆ ಮಾಡುವುದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆದರೆ ಅದು ರಾಜ್ಯ ಸರ್ಕಾರದ ಕೈಯಲ್ಲಿರುವ ವಿಷಯವಾದ್ದರಿಂದ, ಇಲ್ಲಿ ಶಾಸಕರ ಬೆನ್ನು ಹತ್ತುವುದು ನ್ಯಾಯ.

ಕಳ್ಳ ಪಿಸ್ತೂಲುಗಳ ವಿಷಯದಲ್ಲಂತೂ ಇನ್ನೂ ನ್ಯಾಯ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತರಾದದ್ದು 7.65 ಎಂಎಂ ಗುಂಡುಗಳಿಂದ. ಎರಡೂ ಕಡೆ ಬಳಕೆಯಾದದ್ದು ಒಂದೇ ಕಂಟ್ರಿಮೇಡ್ ಪಿಸ್ತೂಲು ಎಂದಿತು ವಿಶೇಷ ತನಿಖಾ ತಂಡ. ಅಂಥ ಆಯುಧಕ್ಕೆ ಲೈಸೆನ್ಸೂ ಇಲ್ಲ, ಠೇವಣಿಯೂ ಇಲ್ಲ. ಪೊಲೀಸ್ ಮತ್ತು ಶಾಂತಿ ಸುವ್ಯವಸ್ಥೆ ರಾಜ್ಯಪಟ್ಟಿಯ ವಿಷಯಗಳು. ಎಷ್ಟು ಅಕ್ರಮ ಆಯುಧ ಹಿಡಿದಿರಿ, ಅವು ಎಲ್ಲಿಂದ ಬಂದವು, ಎಷ್ಟು ಪ್ರಕರಣಗಳಲ್ಲಿ ಶಿಕ್ಷೆಯಾಯಿತು ಎಂದು ಸದನದಲ್ಲಿ ಗೃಹಸಚಿವರನ್ನು ಕೇಳುವುದು ಶಾಸಕರ ಕೆಲಸ. ಆ ಪ್ರಶ್ನೆ ಕೇಳಿ ಎಂದು ಅವರಿಗೆ ಬರೆಯುವುದು ನಮ್ಮದು.

ಸಂಸದರಿಗಾದರೆ ಬರೆಯುವುದು ಹೇಗೆ? ‘ರೈತರಿಗೆ ಅನ್ಯಾಯವಾಗುತ್ತಿದ್ದು, ತಾವು ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ವಿನಂತಿ’ ಎಂಬ ಒಕ್ಕಣೆಗೆ ‘ಸಂಬಂಧಪಟ್ಟವರಿಗೆ ರವಾನಿಸಲಾಗಿದೆ’ ಎಂಬ ಉತ್ತರ ಬಿಟ್ಟರೆ ಬೇರೇನೂ ಹುಟ್ಟದು. ಅದರ ಬದಲು ಒಂದೇ ಪುಟ. ನಾನು ಇಂಥ ತಾಲ್ಲೂಕಿನ ಇಂಥ ಗ್ರಾಮದವನು, ತಮ್ಮ ಕ್ಷೇತ್ರದ ಮತದಾರ. ಇಂಥ ತಾರೀಖು 13ನೇ ಕಲಮಿನಡಿ ಬೆಳೆ ರಕ್ಷಣೆಗೆ ಅರ್ಜಿ ಹಾಕಿದೆ, ಇವತ್ತಿನವರೆಗೆ ಹೌದೂ ಇಲ್ಲ, ಅಲ್ಲವೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಇಂಥ ಅರ್ಜಿ ಎಷ್ಟು ಬಾಕಿ ಇವೆ, ಎಷ್ಟು ದಿನದಿಂದ ಎಂದು ಗೃಹ ಸಚಿವಾಲಯವನ್ನು ಲಿಖಿತ ಪ್ರಶ್ನೆಯಲ್ಲಿ ಕೇಳಿ. ಇಷ್ಟು ಸಾಕು. ಸಂಸದರ ಆಪ್ತ ಸಹಾಯಕ ಇದನ್ನು ಹೆಚ್ಚು ಕಷ್ಟವಿಲ್ಲದೆ ಪ್ರಶ್ನೆಯಾಗಿ ಬದಲಿಸಬಲ್ಲ. ಸಚಿವರು ಸದನಕ್ಕೆ ಕೊಟ್ಟ ಉತ್ತರ ದಾಖಲೆಯಾಗಿ ಉಳಿಯುತ್ತದೆ, ನಾಳೆ ಜಿಲ್ಲಾಧಿಕಾರಿಯ ಮುಂದೂ ನ್ಯಾಯಾಲಯದ ಮುಂದೂ ಇಡಬಹುದು. ಅಂದ ಹಾಗೆ, ಪ್ರಶ್ನೆಗೆ ಕನಿಷ್ಠ 15 ದಿನ ಮೊದಲು ಸೂಚನೆ ಕೊಡಬೇಕಾದ್ದರಿಂದ ಅಧಿವೇಶನ ಶುರುವಾಗುವ ಮೊದಲೇ ಪತ್ರ ಅವರ ಕಚೇರಿಯಲ್ಲಿದ್ದರೆ ಒಳ್ಳೆಯದು.

ಸಂಸತ್ತಿನಲ್ಲಿ ಮತಕ್ಕೆ ಬೀಳದ ಬದಲಾವಣೆಗಳೂ ಇವೆ. ಲೈಸೆನ್ಸಿನ ದಿನನಿತ್ಯದ ಕಷ್ಟಸುಖ ಇರುವುದು ಕಾಯ್ದೆಯಲ್ಲಿ ಅಲ್ಲ, 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ. ಅವನ್ನು ಬರೆಯುವುದು ಗೃಹ ಸಚಿವಾಲಯ. ಕರಡು ಕಾನೂನುಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂದು 2014ರಲ್ಲೇ ಕೇಂದ್ರ ಸರ್ಕಾರ ತೀರ್ಮಾನಿಸಿದೆ. ಪಾಲನೆ ಅಷ್ಟಕ್ಕಷ್ಟೇ. ಪಾಲಿಸಿದಾಗಲೂ ಆ ಕರಡು ಇಂಗ್ಲಿಷ್ ಹಿಂದಿಗಳಲ್ಲಿ ಬಂದು ಸಕಲೇಶಪುರದ ಬೆಳೆಗಾರನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಸಂಸದರಿಗೆ ಬರೆಯುವ ಪತ್ರದಲ್ಲಿ ಇದನ್ನೂ ಒಂದು ಸಾಲು ಸೇರಿಸಬಹುದು.

ಕರ್ನಾಟಕದ ಮಟ್ಟಿಗೆ ಮುಂದೆ ಬರುವ ದೊಡ್ಡ ತೀರ್ಮಾನ ಕೊಡಗಿನದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಶಾಶ್ವತವಲ್ಲ: 2019ರಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆಯ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಅದನ್ನು ಮುಂದುವರಿಸಲು ಮಸೂದೆ ಬೇಕಿಲ್ಲ, ಮತದಾನ ಬೇಕಿಲ್ಲ. ಗೃಹ ಸಚಿವಾಲಯದ ಒಂದು ಸಹಿ ಸಾಕು. ಬೇಡವೆಂದರೆ ಆ ಸಹಿಯೂ ಬೇಕಿಲ್ಲ, ಸುಮ್ಮನಿದ್ದರಾಯಿತು. ಲೋಕಸಭೆಯ ಅವಧಿ ಅದೇ ವರ್ಷದ ನಡುವೆ ತೀರುತ್ತದೆ. ಹೊಸ ಸಂಸದರು ಪ್ರಮಾಣವಚನ ಸ್ವೀಕರಿಸಿ ದೆಹಲಿಯಲ್ಲಿ ಮನೆ ಹಿಡಿಯುವಷ್ಟರಲ್ಲಿ ಕೆಲವೇ ತಿಂಗಳು ಉಳಿದಿರುತ್ತದೆ. ವಿನಾಯಿತಿ ಇರಲಿ ಎನ್ನುವವರೂ ಜಾತಿ-ಹಿಡುವಳಿ ನೋಡಿ ಕೊಡುವ ಸವಲತ್ತು ಸಾಕು ಎನ್ನುವವರೂ ಮೈಸೂರು-ಕೊಡಗು ಕ್ಷೇತ್ರದ ಅಭ್ಯರ್ಥಿಗಳಿಂದ ಲಿಖಿತ ಉತ್ತರ ಪಡೆಯಬೇಕಾದದ್ದು ಪ್ರಚಾರ ನಡೆಯುವಾಗಲೇ.