ಯಂತ್ರ ನೋಡಿ ಬೆಳೆಯಲ್ಲ, ಬೆಳೆ ನೋಡಿ ಯಂತ್ರ: ಅಳ್ನಾವರ ತಾಲೂಕಿನ ರೈತರ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಧಾರವಾಡ
(ಮಾನ್ಯ ತಹಶೀಲ್ದಾರರು, ಅಳ್ನಾವರ ಇವರ ಮುಖಾಂತರ)

ವಿಷಯ: ಬೆಳೆ ಪರಿವರ್ತನೆಗೆ ಬೇಕಾದ ಯಂತ್ರಗಳನ್ನು ಬಾಡಿಗೆಗೆ ಒದಗಿಸುವುದು ಮತ್ತು ಕಾಳು ಖರೀದಿ ಕುರಿತು.

ನವಲಗುಂದ, ಅಣ್ಣಿಗೇರಿಯ ಎರಿ ಹೊಲಗಳು ಹಿಂಗಾರಿಗೆ ಕಾಯುತ್ತವೆ. ಹಳಿಯಾಳ, ದಾಂಡೇಲಿಯ ಕಾಡಿನ ಅಂಚಿಗಿರುವ ಅಳ್ನಾವರದಲ್ಲಿ ಮುಂಗಾರಿಯೇ ದೊಡ್ಡದು. ಮುಂಗಾರು ಹಿಡಿಯುವ ಮೊದಲೇ ಅಡ್ಡಮಳೆಯ ಹದ ನೋಡಿ ಕೂರಿಗೆಯಿಂದ ಭತ್ತ ಬಿತ್ತುವುದು ಇಲ್ಲಿಯ ಹಳೆಯ ರೂಢಿ. ಅಂಥ ಭತ್ತದ ತಳಿಗಳಿಗಾಗಿಯೇ ಹತ್ತಿರದ ಮುಗದದಲ್ಲಿ ಸಂಶೋಧನಾ ಕೇಂದ್ರ ದುಡಿಯುತ್ತಿದೆ. ಭತ್ತ ಕೊಯ್ದ ಮೇಲೆ ನೆಲದಲ್ಲಿ ಉಳಿದ ಹಸಿಗೆ ಕಡಲೆಯೋ ಅಲಸಂದೆಯೋ ಬೀಳುತ್ತಿತ್ತು. ಕಾಳಿನ ಗಿಡದ ಬೇರುಗಂಟುಗಳಲ್ಲಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೂಡಿಸುತ್ತಿತ್ತು.

ಈ ಸರದಿ ಈಗ ಮುರಿಯುತ್ತಿದೆ. ಗೋವಿನಜೋಳದ ಮೇಲೆ ಗೋವಿನಜೋಳ, ಕಬ್ಬು ಹೊಕ್ಕ ಹೊಲದಲ್ಲಿ ಕುಳೆಯ ಮೇಲೆ ಕುಳೆ. ಒಂದೇ ಬೆಳೆಯ ನಂಟು ಹುಳಕ್ಕೂ ರೋಗಕ್ಕೂ ಹಬ್ಬ. 2018ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಕರ್ನಾಟಕದಲ್ಲಿ ಗುರುತಿಸಲಾದ ಫಾಲ್ ಸೈನಿಕ ಹುಳು ಗೋವಿನಜೋಳದ ಸುಳಿಯನ್ನೇ ತಿಂದು ಬೆಳೆಯುತ್ತದೆ. ಬೆಳೆ ಸರದಿಯ ಫಲಕ್ಕೆ ಸಾಕ್ಷಿಯಾಗಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಗೋಧಿ ಬೆಳೆಯುತ್ತಿರುವ ಬ್ರಾಡ್‌ಬಾಕ್ ಎಂಬ ಹೊಲವಿದೆ. 1968ರಲ್ಲಿ ಅದರ ಕೆಲವು ತುಂಡುಗಳಲ್ಲಿ ಬೆಳೆ ಬದಲಿಸತೊಡಗಿದರು. ಸರದಿಯಲ್ಲಿ ಬಂದ ಗೋಧಿ, ವರ್ಷವೂ ಗೋಧಿ ಕಂಡ ಹೊಲಕ್ಕಿಂತ ಹೆಚ್ಚು ಇಳುವರಿ ಕೊಟ್ಟಿತು. ಬೇರಿನ ರೋಗ ತಗ್ಗಿದ್ದು ಮುಖ್ಯ ಕಾರಣ.

ಬೆಳೆ ಬದಲಿಸಬೇಕೆಂಬುದು ಇಲ್ಲಿಯ ರೈತರಿಗೆ ಗೊತ್ತಿಲ್ಲದ ಮಾತಲ್ಲ. ಅಡ್ಡಿ ಇರುವುದು ಕೂಲಿಯಲ್ಲಿ, ಯಂತ್ರದಲ್ಲಿ. ಭತ್ತಕ್ಕೆ ಕಟಾವು ಮಷಿನ್ ಬರುತ್ತದೆ, ಗೋವಿನಜೋಳಕ್ಕೆ ರಾಶಿ ಮಷಿನ್ ಬರುತ್ತದೆ. ಕಡಲೆಗೆ ಏನೂ ಬರುವುದಿಲ್ಲ. ಅದನ್ನು ಇಬ್ಬನಿ ಆರುವ ಮೊದಲೇ, ಕಾಯಿ ಉದುರದಂತೆ, ಹೆಣ್ಣುಮಕ್ಕಳು ಬಗ್ಗಿ ಕೀಳಬೇಕು. ಗಿಡದ ಹುಳಿ ಕೈಗೆ ಹತ್ತಿ ಚರ್ಮ ಉರಿಯುತ್ತದೆ. ಆಳು ಸಿಗದ ಮನೆ ಕಡಲೆಯನ್ನೇ ಬಿಡುತ್ತದೆ. ಹೀಗೆ ಹೊಲದಲ್ಲಿ ಏನು ಬೆಳೆಯಬೇಕೆಂಬುದನ್ನು ಊರಿಗೆ ಬರುವ ಯಂತ್ರ ತೀರ್ಮಾನಿಸುತ್ತಿದೆ.

ಇದೇ ಜಿಲ್ಲೆಯ ಅಣ್ಣಿಗೇರಿ ನಾಡಿಗೆ ಅಣ್ಣಿಗೇರಿ-1 ಎಂಬ ಹೆಸರಾಂತ ಕಡಲೆ ತಳಿ ಕೊಟ್ಟ ಊರು. ಆ ತಳಿಯ ಗಿಡ ಗಿಡ್ಡ, ಕಾಯಿ ನೆಲಕ್ಕೆ ಹತ್ತಿರ. ಮಷಿನಿನ ಅಲಗು ಅಷ್ಟು ಕೆಳಗೆ ಇಳಿಯದು. ಇದಕ್ಕೆ ಉತ್ತರವಾಗಿ ನೆಟ್ಟಗೆ, ಎತ್ತರಕ್ಕೆ ಬೆಳೆಯುವ ಜಿಬಿಎಂ-2 ತಳಿ ಕರ್ನಾಟಕದಲ್ಲೇ ಬಿಡುಗಡೆಯಾಗಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಸೈದಾಪುರದ ಕೃಷಿ ವಿಜ್ಞಾನ ಕೇಂದ್ರವೂ ಇಂಥ ತಳಿಗಳನ್ನು ಅಳ್ನಾವರದ ಭತ್ತದ ಹೊಲಗಳಲ್ಲೇ ಬಿತ್ತಿ ತೋರಿಸಬೇಕು. ಎರಿ ಭೂಮಿಯಲ್ಲಿ ಗೆದ್ದದ್ದು ಇಲ್ಲಿಯೂ ಗೆಲ್ಲುತ್ತದೆಂದು ನಂಬಿ ಬೀಜ ಹಂಚುವುದು ಸರಿಯಲ್ಲ.

ಯಂತ್ರಕ್ಕೆ ರೈತರ ವಿರೋಧವಿಲ್ಲ. ನೆರೆಯ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಳೆದ ಶತಮಾನದ ಆರಂಭದಲ್ಲಿ ತಯಾರಿಸಿದ ಕಬ್ಬಿಣದ ನೇಗಿಲನ್ನು ಕೈಗೆತ್ತಿಕೊಂಡ ಸೀಮೆಯಿದು. ಆದರೆ ಒಂದೆರಡು ಎಕರೆಯವರು ಟ್ರ್ಯಾಕ್ಟರ್ ಕೊಳ್ಳಲಾರರು. ಕೊಂಡರೆ ಸಾಲದ ಕಂತಿಗಾಗಿಯೇ ದುಡಿಯಬೇಕಾಗುತ್ತದೆ. ಅವರಿಗೆ ಬೇಕಾದದ್ದು ಬಾಡಿಗೆ. 2014-15ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆ ಹುಟ್ಟಿದ್ದೇ ಅದಕ್ಕೆ.

ಆದ್ದರಿಂದ ಅಳ್ನಾವರದ ರೈತರು ಮೊದಲು ಕೇಳುವುದು ಉಳದೆ ಬಿತ್ತುವ ಕೂರಿಗೆಯನ್ನು. ಭತ್ತದ ಕೂಳೆಯ ನಡುವೆಯೇ ಗೆರೆ ಸೀಳಿ ಕಾಳು ಮತ್ತು ಗೊಬ್ಬರ ಇಳಿಸುವ ಈ ಯಂತ್ರ ಕೊಯ್ಲಿನ ಬೆನ್ನಿಗೇ ಬಂದರೆ ಹಸಿ ಆರಿಹೋಗುವುದಿಲ್ಲ, ರಂಟೆ ಹೊಡೆಸುವ ಖರ್ಚೂ ಉಳಿಯುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ ಕನಿಷ್ಠ ಹುಲಿಕೇರಿ, ಬೆಣಚಿ, ಕಡಬಗಟ್ಟಿ, ಅರವಟಗಿ ಸುತ್ತಿನ ಹಳ್ಳಿಗಳಿಗೆ ಅದು ಸರದಿಯಂತೆ ತಿರುಗಬೇಕು, ಬಾಡಿಗೆ ದರದ ಫಲಕ ಪಂಚಾಯ್ತಿ ಕಚೇರಿಯ ಗೋಡೆಯ ಮೇಲಿರಬೇಕು. ಜೊತೆಗೆ ಕಾಳಿಗೆ ತಕ್ಕ ಸಣ್ಣ ರಾಶಿ ಮಷಿನ್, ಕಬ್ಬಿನ ರವದಿಯನ್ನು ಸುಡದೆ ಪುಡಿ ಮಾಡುವ ಯಂತ್ರ. ಕಡಲೆಯ ಬೀಜ ಭತ್ತದ ಕೊಯ್ಲಿಗೆ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ಸಿಗಬೇಕು. ಕುಳೆ ಕಬ್ಬು ಕಿತ್ತ ಹೊಲಕ್ಕೆ ಹಸಿರು ಗೊಬ್ಬರದ ಸೆಣಬು, ಡಯಂಚಾ ಬೀಜವೂ ಹಾಗೆಯೇ.

ಎರಡನೆಯದು ಬೆಲೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬಿನ ಹಣ 14 ದಿನಗಳೊಳಗೆ ಬರಬೇಕು. ತಡವಾದರೆ ಕೇಳಲು ಕಾನೂನಿದೆ. ಕಡಲೆಗೆ ಬೆಂಬಲ ಬೆಲೆ ಘೋಷಣೆಯಾದರೂ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಾಲ ಮಾಡಿದವನು ಕಾಳನ್ನು ಸಿಕ್ಕ ದರಕ್ಕೆ ಮಾರಿರುತ್ತಾನೆ. ಕಾಳು ಬಿತ್ತಿದವನಿಗೂ ಅಂಥದೇ ಭರವಸೆ ಸಿಗದೆ ಬೆಳೆ ಬದಲಿಸು ಎನ್ನುವುದು ನ್ಯಾಯವಲ್ಲ. ಕಡಲೆ ರಾಶಿಯಾಗುವ ಮುಂಚೆಯೇ ಅಳ್ನಾವರದಲ್ಲಿ ನೋಂದಣಿ ಆರಂಭವಾಗುವಂತೆ ಜಿಲ್ಲಾಡಳಿತ ಸರ್ಕಾರಕ್ಕೆ ಪ್ರಸ್ತಾವ ಕಳಿಸಬೇಕು.

ಮುಂಬರುವ ಹಿಂಗಾರಿನ ಸಿದ್ಧತಾ ಸಭೆಯನ್ನು ಅಳ್ನಾವರದಲ್ಲೇ ಕರೆದು, ಕೃಷಿ ಇಲಾಖೆ, ವಿಶ್ವವಿದ್ಯಾಲಯದ ತಜ್ಞರು ಮತ್ತು ಗದ್ದೆಯಲ್ಲಿ ಕಡಲೆ ಕೀಳುವ ಮಹಿಳೆಯರನ್ನು ಒಟ್ಟಿಗೆ ಕೂರಿಸಿ, ಯಾವ ಯಂತ್ರ ಯಾವ ಹಳ್ಳಿಗೆ ಯಾವ ವಾರ ಎಂಬ ಪಟ್ಟಿಯನ್ನು ಅಲ್ಲಿಯೇ ಅಂತಿಮಗೊಳಿಸಬೇಕೆಂದು ರೈತರು ವಿನಂತಿಸುತ್ತಾರೆ.

ತಮ್ಮ ವಿಶ್ವಾಸಿಗಳು,
ಅಳ್ನಾವರ ತಾಲೂಕಿನ ಸಣ್ಣ ಹಾಗೂ ಅತಿಸಣ್ಣ ರೈತರು